ಬೇಲಿ ತೋಡಿದ ಕೆರೆ

ಮದುವೆಯ ಊಟದ ಹೊತ್ತಿಗೆ ಮಾವ ಎದ್ದು ನಿಂತ. ಬಂದವರೆಲ್ಲ ತನ್ನ ಕಡೆ ತಿರುಗುವ ತನಕ ಕಾದ. ಆಮೇಲೆ ಹೇಳಿದ, "ಬೇಲಿ ಹಾಕೋಕೆ ಅಂತ ಕರೆಸಿದ್ದೆ. ಬೇಲಿನೇ ಎದ್ದು ಹೊಲ ಮೇಯ್ತು."

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಮದುಮಗನೂ ನಕ್ಕ, ಆ ಜಾಗದಲ್ಲಿ ಕೂತವನು ನಗದೆ ಇನ್ನೇನು ಮಾಡಿಯಾನು? ಅವತ್ತಿನಿಂದ ಅವನ ಹೆಸರು ಬೇಲಿ ಅಂತಲೇ ಆಗಿಹೋಯಿತು. ಹಾಲಿನ ಲಾರಿಯವನು, ಕುದುರೆಗೆ ಲಾಳ ಹೊಡೆಯುವವನು, ಕೂಲಿಯಾಳುಗಳು ಎಲ್ಲರ ಬಾಯಲ್ಲೂ ಬೇಲಿ. ಹೆಂಡತಿ ಕೂಡ ಒಂದೆರಡು ಸಲ ಮೈಮರೆತು ಹಾಗೇ ಕರೆದು ನಾಲಿಗೆ ಕಚ್ಚಿಕೊಂಡಿದ್ದಳು.

ಮಾವನ ಮಾತು ಪೂರ್ತಿ ಸುಳ್ಳೂ ಅಲ್ಲ. ಹುಡುಗ ಮಾವನ ದನದ ಫಾರ್ಮಿಗೆ ಬಂದದ್ದು ಬೇಲಿ ಹಾಕುವ ಕೂಲಿಯಾಗಿಯೇ. ಹೆಗಲ ಮೇಲೆ ಹಾರೆ, ಕೈಯಲ್ಲಿ ತಂತಿ ಬಿಗಿಯುವ ಇಕ್ಕಳ, ಬಾಡಿಗೆ ಗಾಡಿಯಲ್ಲಿ ಮುಳ್ಳುತಂತಿಯ ಸುರುಳಿ, ಇಷ್ಟೇ ಅವನ ಆಸ್ತಿ. ದಿಬ್ಬದ ಮೇಲೆ ಕಲ್ಲಿನ ಮನೆ ಇತ್ತು. ಯಜಮಾನನ ಅಜ್ಜ ಕಟ್ಟಿಸಿದ್ದು. ಗೋಡೆ ಎಷ್ಟು ದಪ್ಪವೆಂದರೆ ಕಿಟಕಿಯ ಅಡ್ಡೆಯ ಮೇಲೆ ಒಬ್ಬ ಮನುಷ್ಯ ಕಾಲು ಚಾಚಿ ಮಲಗಬಹುದು. ಮನೆಯ ಹಿಂದೆ ಲಾಯ, ಹುಲ್ಲಿನ ಕೊಟ್ಟಿಗೆ, ಅಲ್ಲಿಂದ ಕೆಳಕ್ಕೆ ಇಳಿಯುತ್ತಾ ಹೋಗುವ ಹುಲ್ಲುಗಾವಲು. ಎಲ್ಲ ಇತ್ತು, ನೀರು ಮಾತ್ರ ಇರಲಿಲ್ಲ. ದನಗಳನ್ನು ದಿನವೂ ಪಕ್ಕದವರ ಹಳ್ಳಕ್ಕೆ ಹೊಡೆದುಕೊಂಡು ಹೋಗಿ, ಅವರ ಬಾಯಿಂದ ನಾಲ್ಕು ಮಾತು ಕೇಳಿಸಿಕೊಂಡು ಬರಬೇಕಿತ್ತು.

ಯಜಮಾನನಿಗೆ ಒಬ್ಬಳೇ ಮಗಳು, ತಾಯಿ ಇಲ್ಲದವಳು. ಕಂಬ ನೆಡುವವನಿಗೆ ಕುಡಿಯಲು ನೀರು ಕೊಡಲು ಬರುತ್ತಿದ್ದಳು. ನೀರು ಕುಡಿದಾದ ಮೇಲೂ ಅಲ್ಲೇ ನಿಂತಿರುತ್ತಿದ್ದಳು. ಸಂಗತಿ ಯಜಮಾನನ ಕಿವಿಗೆ ಬಿದ್ದಾಗ ಅವನು ಕೂಗಾಡಲಿಲ್ಲ. ಹುಡುಗನ ಹೆಗಲ ಮೇಲೆ ಕೈ ಹಾಕಿಕೊಂಡು, ಗೆಳೆಯನನ್ನು ಕರೆದೊಯ್ಯುವ ಹಾಗೆ ಗಾವಲಿನ ತಗ್ಗಿಗೆ ಕರೆದುಕೊಂಡು ಹೋದ.

"ಇಲ್ಲಿ ನೀರು ನಿಲ್ಲಿಸು. ನಿಲ್ಲಿಸಿದ ದಿನ ಮಗಳನ್ನ ಕೊಡ್ತೀನಿ," ಅಂದ.

ಮಾಡಲಾಗದ ಕೆಲಸ ಹೇಳಿದರೆ ತಾನಾಗಿ ಕಾಲು ಕೀಳುತ್ತಾನೆ ಎಂಬುದು ಯಜಮಾನನ ಲೆಕ್ಕ. ಹುಡುಗ ಕಾಲು ಕೀಳಲಿಲ್ಲ, ಮಣ್ಣು ಕಿತ್ತ. ಬೆಳಗ್ಗಿನಿಂದ ಮಧ್ಯಾಹ್ನದ ತನಕ ಬೇಲಿ ಕೆಲಸ, ಮಧ್ಯಾಹ್ನದಿಂದ ಕತ್ತಲಾಗುವ ತನಕ ಗುಂಡಿ. ಒಂದು ಹೇಸರಗತ್ತೆ, ಒಂದು ಗುದ್ದಲಿ, ಒಂದು ಸಲಿಕೆ. ಅಂಗೈಯ ಚರ್ಮ ಸುಲಿದು ಮತ್ತೆ ಬಂದು ಮತ್ತೆ ಸುಲಿಯಿತು. ತೆಗೆದ ಮಣ್ಣನ್ನೇ ತಗ್ಗಿನ ಬದಿಗೆ ಏರಿ ಮಾಡಿ ಕಟ್ಟಿದ. ತಳಕ್ಕೆ ಜೇಡಿಮಣ್ಣು ಹೊತ್ತು ಹಾಕಿ, ಅದರ ಮೇಲೆ ದನಗಳನ್ನು ಸುತ್ತಿಸಿ ಸುತ್ತಿಸಿ ತುಳಿಸಿದ, ನೀರು ಇಂಗಿಹೋಗದಿರಲಿ ಅಂತ. ಮಳೆ ಬಂತು, ನೀರು ನಿಂತಿತು. ಯಜಮಾನ ಕುದುರೆ ಮೇಲೆ ಕೂತೇ ನೀರಿಗಿಳಿದ. ನೀರು ಕುದುರೆಯ ಮೊಣಕಾಲು ದಾಟಲಿಲ್ಲ. "ಆಳ ಸಾಲದು," ಅಂದು ಹತ್ತಿಬಂದ. ಹುಡುಗ ಏರಿ ಒಡೆದು ನೀರು ಬಿಟ್ಟು, ಕೆಸರು ಒಣಗುವ ತನಕ ಕಾದು, ಮತ್ತೆ ಗುದ್ದಲಿ ಹಿಡಿದ. ಮುಂದಿನ ಮಳೆಗೆ ನೀರು ಕುದುರೆಯ ಹೊಟ್ಟೆ ಮುಟ್ಟಿತು. ಆಗ ಕೊಟ್ಟ ಮಾತು ಮುರಿಯುವುದಕ್ಕೆ ಯಜಮಾನನಿಗೆ ಆಗಲಿಲ್ಲ. ಆದರೆ ಅದನ್ನು ಒಮ್ಮೆಯೂ ಕೆರೆ ಅನ್ನಲಿಲ್ಲ. ಹೊಂಡ ಅನ್ನುತ್ತಿದ್ದ. "ಬೇಲಿಯ ಹೊಂಡ."

ಹೀಗೆ ಮನೆ ಅಳಿಯನಾದವನ ಪಾಡು ಹೇಳಬೇಕೇ? ಮನೆಗೆ ಬಂದವರಿಗೆ ಮಾವ ಇವನನ್ನು ತೋರಿಸಿ, "ಅಳಿಯ ಅಲ್ಲ, ಮಗಳ ಗಂಡ," ಅನ್ನುತ್ತಿದ್ದ. ಹಳೇ ನಗೆಮಾತೇ. ಆದರೆ ಬೇರೆಯವರು ತಮಾಷೆಗೆ ಹೇಳುವುದನ್ನು ಮಾವ ಅಕ್ಷರಶಃ ಹೇಳುತ್ತಿದ್ದ. ಮುಂಬಾಗಿಲಿಂದ ಬರುವ ಹಾಗಿರಲಿಲ್ಲ, ಹಿತ್ತಲ ಬಾಗಿಲು. ಒಂದು ಸಲ ಪಂತ ಕಟ್ಟಿ ಮಾವ ತನ್ನ ಕುದುರೆಯನ್ನೇ ಮುಂಬಾಗಿಲಿಂದ ನಡುಮನೆಗೆ ನಡೆಸಿದ್ದ. ಕುದುರೆಗಿದ್ದ ಭಾಗ್ಯ ಅಳಿಯನಿಗಿರಲಿಲ್ಲ. ಊಟ ಆಳುಗಳ ಜೊತೆ, ಹಿಂದಿನ ಜಗಲಿಯಲ್ಲಿ. ಹೆಂಡತಿ ತಟ್ಟೆ ಹಿಡಿದುಕೊಂಡು ಹೊರಗೆ ಬಂದು ಗಂಡನ ಪಕ್ಕ ಕೂರುತ್ತಿದ್ದಳು. ಹಾಗಾಗಿ ಮುದುಕ ಒಳಗೆ ದೊಡ್ಡ ಮೇಜಿನ ಮುಂದೆ ಒಬ್ಬನೇ ಉಣ್ಣುತ್ತಿದ್ದ, ಅದರ ಸಿಟ್ಟನ್ನೂ ಅಳಿಯನ ಮೇಲೇ ತೀರಿಸುತ್ತಿದ್ದ.

ಒಮ್ಮೆ ಒಂದು ಹೆಣ್ಣುಕುದುರೆ ಈಯುವಾಗ ಸತ್ತುಹೋಯಿತು. ಉಳಿದ ಮರಿಗೆ ಬೇಲಿಯೇ ತಾಯಿಯಾದ. ಬಾಟಲಿಯಲ್ಲಿ ಹಾಲು ಕುಡಿಸಿದ, ಚಳಿಗೆ ತನ್ನ ಹೊದಿಕೆ ಹೊದಿಸಿದ. ಮರಿ ಅವನ ಹಿಂದೆ ನಾಯಿಯ ಹಾಗೆ ಓಡಾಡುತ್ತಿತ್ತು, ಅವನು ಏರಿಯ ಮೇಲೆ ಕೂತರೆ ಬಂದು ಹೆಗಲಿಗೆ ಮೂತಿ ಒತ್ತುತ್ತಿತ್ತು. ಅದು ಜೀನು ಹೊರುವಷ್ಟು ಬೆಳೆದ ದಿನ ಮಾವ ದಾರಿಯಲ್ಲಿ ಹೋಗುತ್ತಿದ್ದ ಒಬ್ಬ ವ್ಯಾಪಾರಿಯನ್ನು ಕರೆದು ಮಾರಿಬಿಟ್ಟ. ಬೇಲಿ ಗಾವಲಿಂದ ಬರುವಾಗ ಕುದುರೆ ಲಾರಿ ಹತ್ತುತ್ತಿತ್ತು. ಬಾಯಿ ತೆರೆಯಲು ಹೋದವನಿಗೆ ಮಾವ ಅಂದ, "ಹಾಲು ನನ್ನ ಹಸುಂದು. ಹುಲ್ಲು ನನ್ನ ಗಾವಲಿಂದು. ನಿಂದೇನಪ್ಪ ಇತ್ತು ಅದರಲ್ಲಿ?"

ಅವತ್ತು ಬೇಲಿ ಹೆಂಡತಿಗೆ ಹೇಳಿದ, ಇನ್ನು ಇಲ್ಲಿ ಬೇಡ, ಪೇಟೆಗೆ ಹೋಗೋಣ, ನನ್ನ ಕೈಯಲ್ಲಿ ಕೆಲಸ ಇದೆ, ಎಲ್ಲಿ ಹೋದರೂ ಎರಡು ಹೊಟ್ಟೆ ತುಂಬೀತು ಅಂತ. ಅವಳು ಅವನ ಕೈ ಹಿಡಿದುಕೊಂಡು ಈ ವರ್ಷ ಬೇಡ ಅಂದಳು. ಆಮೇಲೆ ಕೇಳಿದಾಗಲೂ ಅದೇ ಮಾತು. ಅಪ್ಪನ ಹೆದರಿಕೆ, ಪಾಪ, ಎಂದುಕೊಂಡು ಅವನು ಕೇಳುವುದನ್ನೇ ಬಿಟ್ಟ. ಸಂಜೆ ಇಬ್ಬರೂ ಏರಿಯ ಮೇಲೆ ಹೋಗಿ ಕೂರುತ್ತಿದ್ದರು. ಕೆರೆಯಲ್ಲಿ ಜೊಂಡು ಬೆಳೆದಿತ್ತು, ಕಾಡುಬಾತುಗಳು ಬಂದು ಇಳಿಯುತ್ತಿದ್ದವು. ಮಾವ ಕೆರೆಯ ಕಡೆ ಬರುತ್ತಿರಲಿಲ್ಲ. ಹಾಗಾಗಿ ಆ ಇಡೀ ಫಾರ್ಮಿನಲ್ಲಿ ಅವನು ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದದ್ದು ಅದೊಂದೇ ಜಾಗ. ಮಕ್ಕಳಾಗಲಿಲ್ಲ. ಅದನ್ನೂ ಮಾವ ಸುಮ್ಮನೆ ಬಿಡಲಿಲ್ಲ, ಕಂಬ ನೆಡುವುದು ಬಂದರೆ ಸಾಲದು ಅಂತ ಆಳುಗಳ ಮುಂದೆ ಅಂದಿದ್ದ.

ಹೆಂಡತಿ ಸತ್ತಳು. ಹೊಟ್ಟೆಯೊಳಗೆ ಗಡ್ಡೆ, ಗೊತ್ತಾಗುವಾಗಲೇ ತಡವಾಗಿತ್ತು. ಮಣ್ಣು ಮಾಡಿ ಬಂದು ಎಲ್ಲ ಹೋದ ಮೇಲೆ ಬೇಲಿ ಮುಂದಿನ ಮೆಟ್ಟಿಲ ಮೇಲೆ ಕೂತಿದ್ದ. ಮಾವ ಬಾಗಿಲಲ್ಲಿ ನಿಂತು ಅವನನ್ನು ಬಹಳ ಹೊತ್ತು ನೋಡಿದ.

"ಇನ್ನು ನೀನು ಯಾರ ಗಂಡ?" ಅಂದ.

ಬೇಲಿ ಹೋಗಬಹುದಿತ್ತು. ಆದರೆ ತಲೆ ಬಿಳಿಯಾಗಿತ್ತು, ಬೇರೆ ಕಡೆ ಯಾರು ಕೆಲಸ ಕೊಟ್ಟಾರು? ಮತ್ತೆ ಅವಳನ್ನು ಮಣ್ಣು ಮಾಡಿದ್ದೂ ಏರಿಯ ಆಚೆಗಿನ ದಿಣ್ಣೆಯಲ್ಲೇ. ಇದ್ದುಬಿಟ್ಟ. ಅದೇ ಹಿತ್ತಲ ಬಾಗಿಲು, ಅದೇ ಜಗಲಿ, ಈಗ ಪಕ್ಕದಲ್ಲಿ ತಟ್ಟೆ ಹಿಡಿದು ಕೂರುವವಳಿಲ್ಲ ಅಷ್ಟೇ.

ಆಮೇಲೆ ಒಂದು ದಿನ ಮುದುಕನಿಗೆ ಲಕ್ವ ಹೊಡೆಯಿತು. ಜೀನು ಬಿಗಿಯುತ್ತಿದ್ದವನು ಕುದುರೆಯ ಕಾಲಡಿ ಕುಸಿದ. ಜೀವ ಉಳಿಯಿತು. ಬಲಗೈ, ಬಲಗಾಲು ಹೋದವು, ಮಾತು ನಾಲಿಗೆಯಲ್ಲೇ ತೊಡರಿಕೊಂಡಿತು. ಆಸ್ಪತ್ರೆಯವರು ಗಾಲಿಕುರ್ಚಿಯಲ್ಲಿ ಕೂರಿಸಿ ಕಳಿಸಿಕೊಟ್ಟರು. ಒಯ್ಯಲು ಬಂದವರು ಯಾರು ಎಂದು ಕೇಳಿದಾಗ, ಬೇಲಿ ಅಂದ, "ನಾನು. ಮಗಳ ಗಂಡ."

ಮನೆಗೆ ಬಂದಾಗ ಅವನು ಕುರ್ಚಿಯನ್ನು ಮುಂಬಾಗಿಲ ಹತ್ತಿರ ತಳ್ಳಿಕೊಂಡು ಬಂದು, ಒಂದು ಗಳಿಗೆ ನಿಲ್ಲಿಸಿದ. ಆಮೇಲೆ ತಿರುಗಿಸಿ ಮನೆ ಸುತ್ತು ಹಾಕಿ ಹಿತ್ತಲ ಬಾಗಿಲಿಂದ ಒಳಗೆ ಒಯ್ದ. ಮುದುಕ ತಲೆ ಎತ್ತಿ ನೋಡಿದ.

ಹೊಟ್ಟೆಯೊಳಗೆ ಇಷ್ಟು ವರ್ಷ ಕೂಡಿಟ್ಟದ್ದು ಈಗ ನಿಧಾನವಾಗಿ ಹೊರಗೆ ಬಂತು. ಹೊಡೆಯಲಿಲ್ಲ, ಬೈಯಲಿಲ್ಲ. ನೋಡಿದವರು ಎಂಥ ಅಳಿಯ, ಮಗ ಕೂಡ ಇಷ್ಟು ಮಾಡಲ್ಲ ಅನ್ನುತ್ತಿದ್ದರು. ಮೈ ಒರೆಸುವ ನೀರು ಮಾತ್ರ ಯಾವಾಗಲೂ ತಣ್ಣಗಿರುತ್ತಿತ್ತು. ಗಂಜಿ ಆರಿ ಕೆನೆಗಟ್ಟಿದ ಮೇಲೆ ಚಮಚ ಬಾಯಿಗೆ ಬರುತ್ತಿತ್ತು. ಮುದುಕನ ತಟ್ಟೆಯನ್ನು ಹಿಂದಿನ ಜಗಲಿಗೆ ತಂದು ಅಲ್ಲೇ ಉಣ್ಣಿಸುತ್ತಿದ್ದ, ಗಾಳಿ ಬೀಸುವ ಕಡೆ ಮುಖ ಮಾಡಿಸಿ. ಆದರೆ ಇವೆಲ್ಲ ಚಿಲ್ಲರೆ. ಬೇಲಿಗೆ ಗೊತ್ತಿತ್ತು, ಈ ಮನುಷ್ಯನಿಗೆ ನಿಜವಾಗಿ ನೋಯಬೇಕಾದರೆ ಮುಟ್ಟಬೇಕಾದ್ದು ಮೈಯನ್ನಲ್ಲ. ಅಜ್ಜ ಕಟ್ಟಿಸಿದ ಕಲ್ಲುಮನೆ, ಈ ಗಾವಲು, ಈ ಲಾಯ. ಜೀವಮಾನವೆಲ್ಲ ಬೇರೆ ಊರಿನ ನೀರು ಕುಡಿಯದೆ ಇದಕ್ಕೇ ಅಂಟಿಕೊಂಡಿದ್ದವನು.

ಒಂದು ಬೆಳಗ್ಗೆ ಗಂಜಿ ಕುಡಿಸುತ್ತಾ ಹೇಳಿದ, "ಮಾವ, ಇದನ್ನ ಮಾರಿಬಿಡೋಣ ಅಂತಿದೀನಿ. ನೋಡ್ಕೊಳ್ಳೋಕೆ ನನ್ನ ಕೈಲಿ ಆಗಲ್ಲ."

ಮುದುಕ ಕಣ್ಣು ಮುಚ್ಚಿಕೊಂಡ. ಬಲಗಣ್ಣಿನ ಮೂಲೆಯಿಂದ ನೀರು ಇಳಿಯಿತು. ಲಕ್ವದ ನಂತರ ಆ ಕಣ್ಣು ಸುಮ್ಮಸುಮ್ಮನೆ ಸುರಿಯುತ್ತಿತ್ತು ಎಂಬುದು ಬೇಲಿಗೆ ಗೊತ್ತಿದ್ದರೂ ಅವತ್ತು ಅದು ಅಳು ಎಂದೇ ತೀರ್ಮಾನ ಮಾಡಿಕೊಂಡ. ಹೊಟ್ಟೆ ತಣ್ಣಗಾಯಿತು.

ದಲ್ಲಾಳಿ ಬಂದ. ಮಾತಿನ ಮಲ್ಲ. ಸುಳ್ಳು ಹೇಳುವುದಿಲ್ಲ, ನಿಜವನ್ನೇ ಸಾಣೆ ಹಿಡಿದು ಮಾರುತ್ತೇನೆ ಅನ್ನುವವನು. ಗೋಡೆಯಲ್ಲಿ ಬಿರುಕು ಕಂಡರೆ ಐತಿಹಾಸಿಕ ಬಿರುಕು ಅಂದ, ಮಾಡಿನಲ್ಲಿ ಬಾವಲಿ ಕಂಡರೆ ವಂಶಪಾರಂಪರ್ಯದ ಬಾವಲಿ ಅಂದ. ಪೇಪರಿನಲ್ಲಿ ಜಾಹೀರಾತು ಕೊಟ್ಟ: ಐತಿಹಾಸಿಕ ಫಾರ್ಮು, ಅಜ್ಜನ ಕಾಲದ ಕಲ್ಲುಮನೆ, ಹುಲ್ಲುಗಾವಲು, ಸ್ವಂತ ಕೆರೆ ಸಮೇತ ಮಾರಾಟಕ್ಕಿದೆ. ಕೆರೆಯ ಹತ್ತಿರ ನಿಂತು, ಇದನ್ನು ಯಾರು ತೋಡಿಸಿದ್ದು, ಇದಕ್ಕೂ ಒಂದು ಕಥೆ ಇರಬೇಕಲ್ಲ ಎಂದು ಕೇಳಿದ. ಯಾರೋ ಕೂಲಿಯವನು ಅಂತ ಬೇಲಿ ಹೇಳಿದ. ಅದನ್ನು ಹಾಕಿದರೆ ಬೆಲೆ ಏರುವುದಿಲ್ಲ ಎಂದು ದಲ್ಲಾಳಿ ಬಿಟ್ಟುಬಿಟ್ಟ.

ಜಾಹೀರಾತನ್ನು ಬೇಲಿ ಮುದುಕನಿಗೆ ಓದಿ ಹೇಳಿದ, ಒಂದು ಸಲ ಅಲ್ಲ, ದಿನಾ. ನೋಡಲು ಬಂದವರನ್ನೆಲ್ಲ ನಡುಮನೆಗೆ ಕರೆತರುತ್ತಿದ್ದ, ಮುದುಕನ ಕುರ್ಚಿಯ ಮುಂದೆಯೇ ನಿಲ್ಲಿಸಿ ಮಾತಾಡಿಸುತ್ತಿದ್ದ. ಅಡುಗೆಮನೆ ಕಿತ್ತುಹಾಕಬೇಕು ಅಂತ ಒಬ್ಬ. ಈ ಹಳೇ ಮೇಜನ್ನು ಸೌದೆ ಮಾಡಬಹುದು ಅಂತ ಇನ್ನೊಬ್ಬ. ಆನೆ ಬಿದ್ದರೆ ಆಳಿಗೊಂದು ಕಲ್ಲು. ಬಂದವರು ಹೋದ ಮೇಲೆ ಬೇಲಿ ಕುರ್ಚಿಯ ಪಕ್ಕ ಸ್ಟೂಲ್ ಎಳೆದುಕೊಂಡು ಕೂತು, ಮುದುಕನಿಗೆ ಸರಿಯಾಗಿ ಕೇಳಿಸದೆ ಹೋಗಿರಬಹುದು ಅನ್ನುವ ನೆಪದಲ್ಲಿ, ಅವೆಲ್ಲ ಮಾತನ್ನು ಇನ್ನೊಮ್ಮೆ ನಿಧಾನವಾಗಿ ಹೇಳುತ್ತಿದ್ದ. ಇಷ್ಟು ಸುಖದಿಂದ ಅವನು ಯಾವತ್ತೂ ಮಾತಾಡಿರಲಿಲ್ಲ.

ಒಬ್ಬ ರಿಟೈರಾದ ಮೇಷ್ಟ್ರು, ಅವರ ಹೆಂಡತಿ ಬಂದರು. ಇಬ್ಬರಿಗೂ ಮನೆ ಕಂಡ ಕೂಡಲೇ ಮನಸ್ಸು ಕೂತಿತು. ಮೇಷ್ಟ್ರು ಕಿಟಕಿಯ ಅಡ್ಡೆ ಹತ್ತಿ ಕೂತು ನೋಡಿದರು. ಅವರ ಹೆಂಡತಿ ಕೆರೆಗೆ ಹೋಗಿ, ಚಪ್ಪಲಿ ಬಿಟ್ಟು, ಕಾಲು ನೀರಿಗಿಳಿಸಿ ಏರಿಯ ಮೇಲೆ ಕೂತುಬಿಟ್ಟರು. ಬೇಲಿ ಹಿಂದೆ ನಿಂತಿದ್ದ. ಅವರು ಕೂತಿದ್ದದ್ದು ಅವನ ಹೆಂಡತಿ ಕೂರುತ್ತಿದ್ದ ಜಾಗ.

"ಯಾರು ಮಾಡಿದ್ದಣ್ಣ ಇದನ್ನ? ಏನು ತಣ್ಣಗಿದೆ," ಅಂದರು ಆ ತಾಯಿ.

ಅವನ ಬಾಯಿಂದ ಹೊರಟೇಹೋಯಿತು. "ನಾನೇ."

ಅವರು ತಿರುಗಿ ಅವನ ಕೈಗಳನ್ನು ನೋಡಿದರು. ಆಮೇಲೆ ಗಂಡನನ್ನು ಕರೆದು ಏನೋ ಮಾತಾಡಿಕೊಂಡು ಬಂದು ಹೇಳಿದರು: ನಮಗೆ ದನ ಗೊತ್ತಿಲ್ಲ, ನೀರು ಗೊತ್ತಿಲ್ಲ. ನಾವು ತಗೊಂಡರೆ ಏನನ್ನೂ ಮುಟ್ಟೋದಿಲ್ಲ, ಇದ್ದ ಹಾಗೇ ಇರುತ್ತೆ. ನೀವೂ ಇಲ್ಲೇ ಇರಿ. ಹಿರಿಯರು ಅವರ ಕೋಣೆಯಲ್ಲೇ ಇರಲಿ, ಈ ವಯಸ್ಸಿನಲ್ಲಿ ಎಲ್ಲಿಗೆ ಒಯ್ತೀರಿ.

ಬೇಲಿಗೆ ಹೂಂ ಅನ್ನಬೇಕೆಂದು ನಾಲಿಗೆಯ ತುದಿಗೆ ಬಂತು. ಕೆರೆ ಉಳಿಯುತ್ತದೆ, ಅವಳ ದಿಣ್ಣೆ ಉಳಿಯುತ್ತದೆ, ತಾನೂ ಉಳಿಯುತ್ತೇನೆ. ಹಾಗೇ ತಲೆ ಎತ್ತಿದ. ದಿಬ್ಬದ ಮೇಲೆ ಕಿಟಕಿಯಲ್ಲಿ ಮುದುಕ ಕಂಡ. ಅಷ್ಟು ದೂರದಿಂದಲೂ ಅವನು ಇತ್ತಲೇ ನೋಡುತ್ತಿದ್ದಾನೆ ಎಂಬುದು ತಿಳಿಯುತ್ತಿತ್ತು. ಮುದುಕನಿಗೆ ತನ್ನ ಕೋಣೆ, ತನ್ನ ಕಿಟಕಿ, ತನ್ನ ಅಜ್ಜನ ಗೋಡೆ, ಸಾಯುವ ತನಕ ಇದೇ ಸುಖ. ಅದನ್ನು ಬೇಲಿ ಹೇಗೆ ಸಹಿಸಿಯಾನು? ಬೇರೆಯವರು ಮಾತು ಕೊಟ್ಟಿದ್ದಾರೆ ಅಂತ ಸುಳ್ಳು ಹೇಳಿ ಮೇಷ್ಟ್ರ ಕುಟುಂಬವನ್ನು ಕಳಿಸಿಬಿಟ್ಟ. ಗೇಟಿನ ತನಕ ಹೋದ ಮೇಲೂ ಆ ತಾಯಿ ತಿರುಗಿ ನೋಡುತ್ತಿದ್ದರು. ದಲ್ಲಾಳಿ ತಲೆ ಚಚ್ಚಿಕೊಂಡ.

ಮುಂದಿನ ವಾರ ಬಂದವನು ಕೋಳಿ ಸಾಹುಕಾರ. ಮನೆಯೊಳಗೆ ಕಾಲೇ ಇಡಲಿಲ್ಲ. ಹೊರಗಿನಿಂದ ಗೋಡೆಗೆ ಕೈಯಿಂದ ತಟ್ಟಿ, ಒಳ್ಳೇ ಕಲ್ಲು, ಒಡೆದರೆ ಶೆಡ್ಡುಗಳ ಅಡಿಪಾಯಕ್ಕೆ ಆಗುತ್ತೆ ಅಂದ. ಅವನಿಗೆ ಬೇಕಾಗಿದ್ದದ್ದು ಮಟ್ಟಸ ನೆಲ, ತಗಡಿನ ಉದ್ದುದ್ದ ಶೆಡ್ಡು, ದೊಡ್ಡ ಫ್ಯಾನು. ಕೆರೆ ಕಂಡು ಮುಖ ಸಿಂಡರಿಸಿದ. ಕಾಡುಬಾತು ಬರುತ್ತಾ ಎಂದು ಕೇಳಿದ. ಬರುತ್ತೆ ಅಂದಾಗ, ಹಾಗಾದರೆ ಇದನ್ನು ಮೊದಲು ಮುಚ್ಚಿಸಬೇಕು, ಬಾತು ಹಿಕ್ಕೆ ಹಾಕಿದರೆ ಅದರಿಂದ ರೋಗ ಬರುತ್ತೆ, ಒಂದು ಕೋಳಿಗೆ ಬಂದರೆ ಇಡೀ ಶೆಡ್ಡು ಒಂದೇ ದಿನದಲ್ಲಿ ಮಲಗುತ್ತೆ ಅಂದ.

ಬೇಲಿ ಅವನ ತೋಳು ಹಿಡಿದುಕೊಂಡ. "ಸಾಹುಕಾರ್ರೇ, ಒಂದು ಉಪಕಾರ ಮಾಡಿ. ಒಳಗೆ ನಮ್ಮ ಮಾವ ಇದಾರೆ. ಈ ಮಾತನ್ನ ಅವರ ಮುಂದೆ ಇನ್ನೊಂದು ಸಲ ಹೇಳಿ. ಕಿವಿ ಸ್ವಲ್ಪ ಮಂದ, ಜೋರಾಗಿ ಹೇಳಿ."

ಸಾಹುಕಾರ ಹೇಳಿದ. ಮನೆ ಒಡೆಯುವುದು, ಗಾವಲು ಮಟ್ಟ ಮಾಡುವುದು, ಲಾಯ ಕೀಳುವುದು, ಕೆರೆ ಮುಚ್ಚುವುದು. ಮುದುಕನ ಮುಖ ಕಲ್ಲಿನ ಹಾಗಿತ್ತು. ಸಾಹುಕಾರ ಕೊಡುವುದಾಗಿ ಹೇಳಿದ್ದು ಮೇಷ್ಟ್ರಿಗಿಂತ ಕಡಿಮೆ. ಬೇಲಿ ಚೌಕಾಸಿ ಕೂಡ ಮಾಡದೆ ಒಪ್ಪಿಕೊಂಡ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತಾರೆ. ಇವನದು ಮಾವನ ಮೇಲಿನ ಕೋಪ, ಹೋಗಿ ಬಿದ್ದದ್ದು ತಾನೇ ತೋಡಿದ ಕೆರೆಯ ಮೇಲೆ. ಆ ಹೊತ್ತಿನಲ್ಲಿ ಅವನಿಗೆ ಅದು ತೋಚಲಿಲ್ಲ. ತೋಚಿದ್ದರೂ, ಮುದುಕನ ಒಂದು ಕಣ್ಣು ಹೋಗುವುದಾದರೆ ತನ್ನ ಎರಡೂ ಹೋಗಲಿ ಅನ್ನುವ ಸ್ಥಿತಿಗೆ ಬಂದಿದ್ದ.

ಪತ್ರ ಮಾಡಲು ವಕೀಲರು ಮನೆಗೇ ಬಂದರು. ಮಾರಲು ನಿಮಗೆ ಪೂರ್ತಿ ಒಪ್ಪಿಗೆಯಾ, ಯಾರ ಒತ್ತಾಯವೂ ಇಲ್ಲವಾ ಎಂದು ಮುದುಕನನ್ನು ಕೇಳಿದರು. ಬೇಲಿ ಉಸಿರು ಬಿಗಿಹಿಡಿದು ಕಾದ. ಮುದುಕ ಬೇಡ ಅನ್ನಲಿ, ಗೋಗರೆಯಲಿ, ಈ ಮುಖ ನೋಡಿ ಒಂದು ಸಲ ಬೇಡಿಕೊಳ್ಳಲಿ ಎಂದೇ ಅವನು ಇಷ್ಟೆಲ್ಲ ಮಾಡಿದ್ದು. ಮುದುಕ ತಲೆಯಾಡಿಸಿದ. ಎಡಗೈಯ ಹೆಬ್ಬೆರಳನ್ನು ತಾನೇ ಶಾಯಿಗೆ ಅದ್ದಿ, ತೋರಿಸಿದ ಕಡೆಯೆಲ್ಲ ಸರಸರನೆ ಒತ್ತಿದ. ವಕೀಲರು ಒರೆಸಿಕೊಳ್ಳಲು ಬಟ್ಟೆ ಕೊಟ್ಟರೆ ಬೇಡ ಅಂದ. ಎದೆ ಒಡೆದುಹೋಗಿದೆ, ಅದಕ್ಕೇ ಹೀಗೆ, ಎಂದು ಬೇಲಿ ತನಗೆ ತಾನೇ ಹೇಳಿಕೊಂಡ.

ಬಿಟ್ಟು ಹೊರಡುವ ದಿನ ಬಾಡಿಗೆ ಟೆಂಪೊ ಬಂತು. ಎರಡು ಮಂಚ, ಪಾತ್ರೆಗಳ ಮೂಟೆ, ಗಾಲಿಕುರ್ಚಿ. ಸಾಹುಕಾರನಿಗೆ ಅವಸರ, ಇವರು ಹೊರಡುವ ಮೊದಲೇ ಅವನ ಜೆಸಿಬಿ ಗಾವಲಿಗೆ ಇಳಿದಿತ್ತು. ಟೆಂಪೊ ದಾರಿ ಹಿಡಿದು ಕೆರೆಯ ಪಕ್ಕಕ್ಕೆ ಬಂದಾಗ ಮುದುಕ ಎಡಗೈಯಿಂದ ಡ್ರೈವರನ ಬೆನ್ನು ತಟ್ಟಿ ನಿಲ್ಲಿಸು ಎಂದು ಸನ್ನೆ ಮಾಡಿದ. ಬೇಲಿಗೆ ಒಳಗೊಳಗೇ ಖುಷಿ. ನೋಡಲಿ, ಕಣ್ಣು ತುಂಬಾ ನೋಡಲಿ.

ಜೆಸಿಬಿ ಏರಿಯನ್ನು ಒಂದು ಕಡೆ ಕೆಡವಿತ್ತು. ನೀರು ಕೆಂಪಗೆ ಗಾವಲಿಗೆ ನುಗ್ಗಿ ಹರಿದುಹೋಗುತ್ತಿತ್ತು. ತಳ ಕಾಣಿಸತೊಡಗಿತು. ಜೊಂಡು ಮಲಗಿಕೊಂಡಿತ್ತು, ಕೆಸರಿನಲ್ಲಿ ಮೀನುಗಳು ಒದ್ದಾಡುತ್ತಿದ್ದವು. ಬಕೆಟ್ಟು ಏರಿಯ ಮಣ್ಣನ್ನು ಮೊಗೆದು ಗುಂಡಿಗೆ ಸುರಿಯಿತು. ಬೇಲಿ ಎರಡು ಬೇಸಿಗೆ ಬೆನ್ನು ಮುರಿದು ಮೇಲೆ ತಂದ ಮಣ್ಣು, ಬೀಡಿ ಸೇದುತ್ತಾ ಕೂತಿದ್ದ ಒಬ್ಬ ಡ್ರೈವರನ ಕೈಯಲ್ಲಿ ಕೆಳಗೆ ಹೋಗುತ್ತಿತ್ತು. ಬೇಲಿ ಮುದುಕನ ಮುಖ ನೋಡಿ ಸಮಾಧಾನ ಮಾಡಿಕೊಳ್ಳೋಣ ಎಂದು ತಿರುಗಿದ.

ಮುದುಕ ನಗುತ್ತಿದ್ದ. ಲಕ್ವ ಹೊಡೆದ ಬಾಯಿ, ಅರ್ಧ ಮಾತ್ರ ನಗುತ್ತಿತ್ತು.

"ಹೋಯ್ತು," ಅಂದ. ಒಂದೊಂದೇ ಮಾತನ್ನು ತಡವರಿಸಿ ಹೊರಗೆಳೆದ. "ನಿನ್ನ ಮದುವೆ ಆದ ವರ್ಷವೇ ಮಾರ್ತಿದ್ದೆ. ಗಿರಾಕಿ ಬಂದಿದ್ದ. ಪೇಟೆಗೆ ಹೋಗಿ ಇರೋಣ ಅಂತಿದ್ದೆ. ದನ ಅಂದ್ರೆ ನಂಗೆ ಮೊದಲಿಂದ ಆಗಲ್ಲ."

ಬೇಲಿಗೆ ಅರ್ಥವಾಗಲಿಲ್ಲ. "ಮತ್ತೆ ಯಾಕೆ ಮಾರಲಿಲ್ಲ?"

"ಅವಳು ಬಿಡಲಿಲ್ಲ. ಕಾಲು ಹಿಡ್ಕೊಂಡಳು. ಅವರು ಕೈಯಾರೆ ಮಾಡಿದ ಕೆರೆ ಅಪ್ಪ, ಅದೊಂದೇ ಅವರದ್ದು ಅಂತ ಇರೋದು, ಮಾರಬೇಡ ಅಂದಳು. ಮಾರಲ್ಲ ಅಂತ ಮಾತು ಕೊಟ್ಟೆ." ಮುದುಕ ಉಸಿರು ಎಳೆದುಕೊಂಡ. "ನಿನ್ನ ಹೊಂಡಕ್ಕೋಸ್ಕರ ನಾನು ಬದುಕೆಲ್ಲ ಸಗಣೀಲಿ ಕೊಳೆತೆ. ನಿನ್ನ ಮುಖ ಕಂಡ್ರೆ ಮೈ ಉರೀತಿತ್ತು. ಈಗ ನೀನೇ ಮುಚ್ಚಿಸಿದೆ. ಬಹಳ ಒಳ್ಳೇ ಕೆಲಸ ಮಾಡಿದೆ ಬೇಲಿ."

ಆಮೇಲೆ ಡ್ರೈವರನಿಗೆ ಹೊರಡು ಎಂದು ಕೈ ಮಾಡಿದ.

ದಾರಿಯುದ್ದಕ್ಕೂ ಬೇಲಿ ಪಾತ್ರೆಯ ಮೂಟೆ ಹಿಡಿದುಕೊಂಡು ಕೂತಿದ್ದ. ಅವಳು ಈ ವರ್ಷ ಬೇಡ ಅಂದದ್ದು ಅಪ್ಪನ ಹೆದರಿಕೆಯಿಂದ ಅಲ್ಲವೇ? ತನ್ನ ಕೆರೆ ತನಗೆ ಉಳಿಯಲಿ ಅಂತಲೇ? ಹಾಗಾದರೆ ಅದನ್ನು ಬಾಯಿಬಿಟ್ಟು ಹೇಳಬಾರದಿತ್ತೇ, ಹೇಳಿದ್ದರೆ ಅವಳ ಕೈ ಹಿಡಿದು ಬರಿಗೈಯಲ್ಲಿ ಹೊರಟುಬಿಡುತ್ತಿದ್ದನಲ್ಲ? ಇಲ್ಲವೇ ಇದೂ ಮುದುಕನ ಇನ್ನೊಂದು ವಿಷವೇ, ಮನೆ ಹೋದ ಸಂಕಟಕ್ಕೆ ಟೆಂಪೊದಲ್ಲಿ ಕೂತಲ್ಲೇ ಹೆಣೆದದ್ದೇ? ಹೌದೋ ಅಲ್ಲವೋ ಹೇಳಬೇಕಾದವಳು ಏರಿಯ ಆಚೆ ಮಣ್ಣಿನಲ್ಲಿದ್ದಳು. ಆ ದಿಣ್ಣೆಯನ್ನು ಮುಟ್ಟಬೇಡಿ ಎಂದು ಸಾಹುಕಾರನಿಗೆ ಹೇಳುವುದನ್ನು ಸಹ ತಾನು ಮರೆತಿದ್ದೇನೆ ಎಂಬುದು ಅವನಿಗೆ ಪೇಟೆ ಮುಟ್ಟಿದ ಮೇಲೆ ನೆನಪಾಯಿತು. ಮರುದಿನ ಬೆಳಗ್ಗೆಯೇ ಓಡಿಹೋದ. ಅಷ್ಟು ಹೊತ್ತಿಗೆ ದಿಣ್ಣೆಯೂ ಗುಂಡಿಯೂ ಒಂದೇ ಮಟ್ಟವಾಗಿದ್ದವು. ಎಲ್ಲಿ ನಿಂತು ಅಳಬೇಕು ಎಂಬ ಗುರುತು ಕೂಡ ಇರಲಿಲ್ಲ. ಜೆಸಿಬಿಯವನು ದೂರ ಸರಿ ಅಜ್ಜ ಅಂದ.

ಪೇಟೆಯಲ್ಲಿ ಬಸ್ ನಿಲ್ದಾಣದ ಎದುರು ಎರಡು ಕೋಣೆ ಹಿಡಿದರು. ಕೆಳಗೆ ಹೊಲಿಗೆ ಅಂಗಡಿ, ಪಕ್ಕದಲ್ಲಿ ಕ್ಷೌರದ ಅಂಗಡಿ. ಬೇಲಿಗೆ ತಂತಿ ಜಾಲರಿ ಮಾರುವ ಅಂಗಡಿಯಲ್ಲಿ ಕೆಲಸ ಸಿಕ್ಕಿತು, ಸುರುಳಿ ಬಿಚ್ಚಿ ಅಳೆದು ಕತ್ತರಿಸಿ ಕೊಡುವುದು. ಮುದುಕ ಸೊರಗಿ ಸೊರಗಿ ಸಾಯುತ್ತಾನೆ ಎಂದುಕೊಂಡಿದ್ದರೆ ಅದೂ ಆಗಲಿಲ್ಲ. ಪೇಟೆಯ ಗಾಳಿ ಅವನಿಗೆ ಒಗ್ಗಿತು. ಕೆನ್ನೆ ತುಂಬಿಕೊಂಡಿತು, ಮಾತು ತಿಳಿಯಾಯಿತು. ಬೆಳಗಿನಿಂದ ಸಂಜೆಯ ತನಕ ಕಿಟಕಿಯಲ್ಲಿ ಕೂತು ಬಸ್ಸು ಹತ್ತುವವರನ್ನು, ಇಳಿಯುವವರನ್ನು, ಜಗಳ ಆಡುವವರನ್ನು ನೋಡುತ್ತಿದ್ದ. ಹೊಲಿಗೆಯವಳು ದಿನಕ್ಕೆರಡು ಸಲ ಮೇಲೆ ಬಂದು ಅವನ ಜೊತೆ ಹರಟೆ ಹೊಡೆಯುತ್ತಿದ್ದಳು. ಇಷ್ಟು ನಗಿಸುವ ಅಜ್ಜನನ್ನು ನಾನು ನೋಡಿಯೇ ಇಲ್ಲ, ನಿಮ್ಮ ಮುಖ ಮಾತ್ರ ಯಾಕೆ ಯಾವಾಗಲೂ ಗಂಟು ಎಂದು ಬೇಲಿಯನ್ನೇ ಕೇಳಿದಳು. ಆ ಬೀದಿಗೂ ಅವನ ಹೆಸರು ಬೇಲಿ ಅಂತಲೇ ಗೊತ್ತಾಗಿತ್ತು. ಮದುವೆಯ ದಿನದ ಮಾತನ್ನು ಮುದುಕ ಅವರಿಗೂ ಹೇಳಿ ನಗಿಸಿದ್ದ.

ಬೇಲಿ ಕೆಲಸಕ್ಕೆ ಹೋಗುವಾಗ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿ ಹೋಗತೊಡಗಿದ. ಗಾಲಿಗೆ ಕಲ್ಲು ಕೊಟ್ಟು ಅಲ್ಲಾಡದ ಹಾಗೆ ಮಾಡುತ್ತಿದ್ದ. ಮುದುಕ ಬೈಯಲಿಲ್ಲ, ದೂರಲಿಲ್ಲ. ಬೇಲಿ ಮೆಟ್ಟಿಲಿಳಿದ ಮೇಲೆ ಹೊಲಿಗೆಯವಳು ಬಂದು ಕಲ್ಲು ತೆಗೆದು ಮತ್ತೆ ಕಿಟಕಿಗೆ ತಿರುಗಿಸುತ್ತಿದ್ದಳು. ಇದು ಮೂವರಿಗೂ ಗೊತ್ತಿತ್ತು.

ಬಿಟ್ಟು ಹೋಗಬಹುದಿತ್ತು. ಇಂಥವರನ್ನು ಇಟ್ಟುಕೊಳ್ಳುವ ಆಶ್ರಮಗಳಿದ್ದವು. ಆದರೆ ಬೇಲಿಗೆ ಮುದುಕನ ಬಾಯಿಂದ ಒಂದು ವಿಷಯ ಬೇಕಿತ್ತು, ಬೇರೆ ಯಾರ ಹತ್ತಿರವೂ ಅದು ಇರಲಿಲ್ಲ. ಕೇಳಬೇಕು ಕೇಳಬೇಕು ಎಂದು ಬಾಯಿಗೆ ಬಂದದ್ದನ್ನು ತಿಂಗಳುಗಟ್ಟಲೆ ನುಂಗಿದ. ಕೇಳಿದರೆ ಸೋತ ಹಾಗೆ. ಕೊನೆಗೆ ಒಂದು ಭಾನುವಾರ ಗಂಜಿ ಬಿಸಿ ಇರುವಾಗಲೇ ತಂದು, ಚಮಚ ಊದಿ ಆರಿಸಿ, ಒಂದೊಂದೇ ಕುಡಿಸಿದ. ಮುದುಕ ಅಚ್ಚರಿಯಿಂದ ನೋಡಿದರೂ ಕುಡಿದ.

"ಮಾವ," ಅಂದ ಬೇಲಿ. "ಅವತ್ತು ಟೆಂಪೊದಲ್ಲಿ ಹೇಳಿದ್ರಲ್ಲ, ಅವಳು ಕೆರೆ ಮಾರಬೇಡ ಅಂದಳು ಅಂತ. ನಿಜ ಹೇಳಿ. ಅಂದಿದ್ದಳಾ?"

ಮುದುಕ ಅವನ ಮುಖವನ್ನೇ ನೋಡಿದ. ಆ ಕಣ್ಣಲ್ಲಿ ಏನಿತ್ತೆಂದು ಬೇಲಿಗೆ ಆಗಲೂ ತಿಳಿಯಲಿಲ್ಲ, ಆಮೇಲೂ ತಿಳಿಯಲಿಲ್ಲ. ಮರೆವೋ, ಮೋಜೋ.

"ಯಾವ ಕೆರೆ?" ಅಂದ ಮುದುಕ. ಮುಂದಿನ ಚಮಚಕ್ಕೆ ಬಾಯಿ ತೆರೆದ.

ಅದಾದ ಮೇಲೂ ಮುದುಕ ಗುಂಡುಕಲ್ಲಿನ ಹಾಗೆ ಬಹಳ ಕಾಲ ಇದ್ದ. ಸತ್ತ ದಿನ ಬೀದಿಯವರೆಲ್ಲ ಬಂದರು, ಹೊಲಿಗೆಯವಳು ಬಿಕ್ಕಿ ಬಿಕ್ಕಿ ಅತ್ತಳು, ಕ್ಷೌರದವನು ಅಂಗಡಿ ಮುಚ್ಚಿದ. ಮಾವನನ್ನು ಇಷ್ಟು ವರ್ಷ ಮಗುವಿನ ಹಾಗೆ ನೋಡಿಕೊಂಡವರು ಎಂದು ಎಲ್ಲರೂ ಬೇಲಿಯ ಕೈ ಹಿಡಿದುಕೊಂಡು ಹೇಳಿದರು. ಅವನು ಮರುದಿನ ಜಾಲರಿ ಅಂಗಡಿಗೆ ಎಂದಿನ ಹೊತ್ತಿಗೆ ಹೋದ.